ಅರವತ್ತಕ್ಕೆ ಅರಳು ಮರಳು: ಈ ಮಾತು ಎಷ್ಟು ಖರೆ?

ಅರವತ್ತಕ್ಕೆ ಅರಳು ಮರಳು ಅನ್ನೋ ಮಾತು ನಮ್ಮ ಊರುಗಳಲ್ಲಿ ಎಲ್ಲರ ಬಾಯಲ್ಲೂ ಇದೆ. ಮುತ್ಯಾ ಕನ್ನಡಕ ಎಲ್ಲಿಟ್ಟೆ ಅಂತ ಹುಡುಕಿದರೆ ಅರಳು ಮರಳು. ಆಯಿ ಹೇಳಿದ್ದನ್ನೇ ಎರಡು ಸಲ ಹೇಳಿದರೆ ಅರಳು ಮರಳು. ಅದೇ ಮೂವತ್ತೈದರ ನಾವು ಗಾಡಿ ಚಾವಿ ಮರೆತು ಮನೆ ತುಂಬ ಹುಡುಕಿದರೆ ಅದಕ್ಕೆ ಹೆಸರು ಬೇರೆ, ಕೆಲಸದ ಟೆನ್ಶನ್!

ಕಲಬುರಗಿಯಲ್ಲಿ ಕೂತು ಜಿಲ್ಲೆಯ ಸುದ್ದಿ ಕಳಿಸುವ ನಮಗೆ ವಯಸ್ಸಾದವರ ಸುದ್ದಿ ಮೂರು ರೀತಿಯಲ್ಲಿ ಸಿಗುತ್ತದೆ. ಪೆನ್ಶನ್ ನಿಂತಿದೆ ಅನ್ನುವುದು ಒಂದು. ಮನೆ ಬಿಟ್ಟು ಹೋದ ಅಜ್ಜ ಸಿಕ್ಕಿಲ್ಲ ಅನ್ನುವುದು ಇನ್ನೊಂದು. ಶತಾಯುಷಿ ತೀರಿಕೊಂಡರು ಅನ್ನುವುದು ಮೂರನೆಯದು. ಬದುಕಿರುವವರ ಮೈಯಲ್ಲಿ ಎಷ್ಟು ಕಸುವಿದೆ, ತಲೆ ಹೇಗೆ ಓಡುತ್ತಿದೆ ಅನ್ನುವುದು ಸುದ್ದಿಯಾಗುವುದೇ ಇಲ್ಲ. ಆದರೆ ಕಳೆದ ಹತ್ತು ವರ್ಷಗಳಲ್ಲಿ ಜಗತ್ತಿನ ಸಂಶೋಧಕರು ಹೆಚ್ಚು ತಲೆ ಕೆಡಿಸಿಕೊಂಡಿರುವುದು ಅದರ ಬಗ್ಗೆಯೇ. ನಮ್ಮ ಮನೆಯಲ್ಲೂ ಅದೇ ಪ್ರಶ್ನೆ ಎದ್ದಿತ್ತು. ಹಾಗಾಗಿ ಓದಿದ್ದನ್ನೂ ಕಂಡದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ.

ರೋಗ ಅಲ್ಲ, ಶಕ್ತಿ ಎಣಿಸಿ

ಮೊದಲು ಡಾಕ್ಟರುಗಳು ವಯಸ್ಸಾದವರನ್ನು ನೋಡುತ್ತಿದ್ದ ರೀತಿ ಹೀಗಿತ್ತು: ಬಿಪಿ ಇದೆಯಾ, ಶುಗರ್ ಇದೆಯಾ, ಮೊಣಕಾಲು ನೋವಾ? ಕಾಯಿಲೆಗಳ ಪಟ್ಟಿ ಮಾಡಿ ಒಂದೊಂದಕ್ಕೂ ಒಂದೊಂದು ಗುಳಿಗೆ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮುಪ್ಪಿನ ಬಗ್ಗೆ ಒಂದು ದೊಡ್ಡ ವರದಿ ತಂದು ಈ ಲೆಕ್ಕವನ್ನೇ ತಿರುಗಿಸಿತು. ಒಬ್ಬ ಮನುಷ್ಯನಿಗೆ ಎಷ್ಟು ರೋಗ ಇವೆ ಅನ್ನುವುದಕ್ಕಿಂತ ಆತ ಏನೇನು ಮಾಡಬಲ್ಲ ಅನ್ನುವುದನ್ನು ನೋಡಿ ಅಂದಿತು. ಬಿಪಿ, ಶುಗರ್ ಎರಡೂ ಇದ್ದು ದಿನಾ ಹೊಲಕ್ಕೆ ಹೋಗಿ ಬರುವವರಿದ್ದಾರೆ. ಯಾವ ರೋಗವೂ ಇಲ್ಲದೆ ಹಾಸಿಗೆ ಹಿಡಿದವರೂ ಇದ್ದಾರೆ.

ಮೈಯ ಮತ್ತು ಮನಸ್ಸಿನ ಈ ಒಟ್ಟು ಶಕ್ತಿಯನ್ನು ಅವರು ಐದು ಭಾಗ ಮಾಡುತ್ತಾರೆ. ನೆನಪು ಮತ್ತು ಯೋಚನೆ ಒಂದು. ಓಡಾಟ ಎರಡು. ಊಟ, ತೂಕ, ಮೈಯ ಕಸುವು ಮೂರು. ಕಣ್ಣು ಕಿವಿ ನಾಲ್ಕು. ಮನಸ್ಸಿನ ಉಲ್ಲಾಸ ಐದು. ಐದೂ ಒಂದಕ್ಕೊಂದು ಕಟ್ಟಿಕೊಂಡಿವೆ. ಕಿವಿ ಕೇಳದಿದ್ದರೆ ಜನರ ನಡುವೆ ಕೂಡುವುದು ಕಡಿಮೆಯಾಗುತ್ತದೆ. ಜನ ಕಡಿಮೆಯಾದರೆ ಮನಸ್ಸು ಕುಗ್ಗುತ್ತದೆ. ಮನಸ್ಸು ಕುಗ್ಗಿದರೆ ಊಟ ಸೇರುವುದಿಲ್ಲ. ಊಟ ಬಿಟ್ಟರೆ ಕಾಲಲ್ಲಿ ಬಲ ಇರುವುದಿಲ್ಲ. ಬಲ ಇಲ್ಲದ ಕಾಲು ಹೊಸ್ತಿಲಲ್ಲಿ ಎಡವುತ್ತದೆ.

ಮುಷ್ಟಿಯ ಬಲ ಕೂಡ ಇಲ್ಲಿ ದೊಡ್ಡ ಸುಳಿವು. 17 ದೇಶಗಳ ಸುಮಾರು 1.4 ಲಕ್ಷ ಜನರ ಕೈಹಿಡಿತದ ಬಲ ಅಳೆದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅದರಲ್ಲಿ ಭಾರತವೂ ಇತ್ತು. ಹಿಡಿತ 5 ಕಿಲೋ ಕಡಿಮೆಯಾದಂತೆ ಸಾವಿನ ಅಪಾಯ ಶೇ. 16ರಷ್ಟು ಹೆಚ್ಚು ಕಂಡಿತು. ಕೈ ಮುಷ್ಟಿಯೇ ಆಯಸ್ಸು ಅಂತ ಇದರ ಅರ್ಥ ಅಲ್ಲ. ಇಡೀ ಮೈಯ ಸ್ನಾಯುಗಳ ಸ್ಥಿತಿಯನ್ನು ಮುಷ್ಟಿ ಹೇಳುತ್ತದೆ, ಅಷ್ಟೆ. ರೊಟ್ಟಿ ಬಡಿಯುವ ಕೈ ಸೋಲುತ್ತಿದೆ ಅಂತ ಮನೆಯ ಹಿರಿಯಳು ಹೇಳಿದರೆ "ವಯಸ್ಸಾಯ್ತಲ್ಲ" ಅಂತ ಸುಮ್ಮನಾಗಬಾರದು.

ಹೊಸ ಮುದುಕರು ಗಟ್ಟಿ

ಈಗ ಕುತೂಹಲದ ವಿಷಯಕ್ಕೆ ಬರೋಣ. ಇಂದಿನ 75 ವರ್ಷದವರು, ಹಿಂದಿನ ತಲೆಮಾರಿನ 75 ವರ್ಷದವರಿಗಿಂತ ಗಟ್ಟಿಯಾ?

ಫಿನ್ಲೆಂಡ್ ದೇಶದ ಯುವಾಸ್ಕುಲಾ ಅನ್ನುವ ಊರಲ್ಲಿ ಇದನ್ನು ನೇರವಾಗಿ ಅಳೆದಿದ್ದಾರೆ. 1989-90ರಲ್ಲಿ 75 ಮತ್ತು 80 ವರ್ಷದವರನ್ನು ಕರೆದು ನಡಿಗೆ, ಮುಷ್ಟಿ, ಕಾಲಿನ ಬಲ, ನೆನಪು ಎಲ್ಲ ಪರೀಕ್ಷಿಸಿದ್ದರು. 2017-18ರಲ್ಲಿ ಅದೇ ಊರಲ್ಲಿ ಅದೇ ವಯಸ್ಸಿನ ಹೊಸ ತಲೆಮಾರಿನವರಿಗೆ ಅದೇ ಪರೀಕ್ಷೆ ಮಾಡಿದರು. ಹೊಸಬರು ವೇಗವಾಗಿ ನಡೆದರು. ಅವರ ಮುಷ್ಟಿ ಬಿಗಿಯಿತ್ತು, ಮಾತು ಮತ್ತು ಯೋಚನೆ ಚುರುಕಾಗಿತ್ತು. ಪುಪ್ಪುಸದ ಶಕ್ತಿಯಲ್ಲಿ ಮಾತ್ರ ಅಂಥ ಸುಧಾರಣೆ ಕಾಣಲಿಲ್ಲ. ಮೈ ಗಟ್ಟಿಯಾಗಲು ಓಡಾಟ ಮತ್ತು ಬೆಳೆದ ಮೈಕಟ್ಟು ಕಾರಣ, ತಲೆ ಚುರುಕಾಗಲು ಹೆಚ್ಚು ವರ್ಷ ಓದಿದ್ದು ಕಾರಣ ಅನ್ನುವುದು ಅವರ ತೀರ್ಮಾನ.

ಇಂಗ್ಲೆಂಡ್ ಮತ್ತು ಚೀನಾದ ಹಿರಿಯರ ಲೆಕ್ಕವೂ ಇದನ್ನೇ ಹೇಳಿತು. ಮೇಲೆ ಹೇಳಿದ ಐದು ಭಾಗಗಳ ಶಕ್ತಿಯನ್ನೇ ಅಳೆದ ಈ ಅಧ್ಯಯನ 2024ರ ಕೊನೆಗೆ ಹೊರಬಂತು. ಇಂಗ್ಲೆಂಡಿನಲ್ಲಿ 1950ರಲ್ಲಿ ಹುಟ್ಟಿದವರು 68ರಲ್ಲಿ ಹೇಗಿದ್ದರೋ, ಅವರಿಗಿಂತ ಹತ್ತು ವರ್ಷ ಮೊದಲು ಹುಟ್ಟಿದವರು 62ರಲ್ಲೇ ಹಾಗಿದ್ದರು. ಅಂದರೆ ಒಂದೇ ದಶಕದಲ್ಲಿ ಮುಪ್ಪು ಆರು ವರ್ಷ ಹಿಂದೆ ಸರಿದಂತಾಯಿತು.

ಇದನ್ನು ಓದಿ ಖುಷಿಪಡುವ ಮೊದಲು ಒಂದು ನಿಮಿಷ ನಿಲ್ಲಬೇಕು. ಆ ಗಟ್ಟಿತನ ಅರವತ್ತರಲ್ಲಿ ಬಂದದ್ದಲ್ಲ. ಬಾಲ್ಯದಲ್ಲಿ ಹೊಟ್ಟೆ ತುಂಬ ಊಟ, ಲಸಿಕೆ, ಶಾಲೆ, ಶುದ್ಧ ನೀರು ಇವುಗಳಿಂದ ಬಂದದ್ದು. ನಮ್ಮ ಭಾಗದಲ್ಲಿ ಇಂದು ಎಂಬತ್ತು ವರ್ಷ ಆದವರು ಹುಟ್ಟಿದ್ದು ನಿಜಾಮನ ಆಳ್ವಿಕೆಯಲ್ಲಿ. ಕನ್ನಡದ ಮಕ್ಕಳಿಗೂ ಮೇಲಿನ ಓದು ಉರ್ದುವಿನಲ್ಲಿ ಅನ್ನುವ ಕಾಲ. ಹೆಣ್ಣುಮಕ್ಕಳಿಗಂತೂ ಶಾಲೆಯ ಮಾತೇ ಇಲ್ಲ. ಹರೆಯಕ್ಕೆ ಬಂದಾಗ 1972ರ ಬರ. ಆ ಬರದಲ್ಲಿ ಏನು ತಿಂದು ಬದುಕಿದರು ಅಂತ ಯಾವ ಊರಿನ ಕಟ್ಟೆಯ ಮೇಲೆ ಕೇಳಿದರೂ ಒಂದು ಕಥೆ ಸಿಗುತ್ತದೆ. ಅವರನ್ನು ಫಿನ್ಲೆಂಡಿನವರ ಪಕ್ಕ ನಿಲ್ಲಿಸಿ ಅಳೆದರೆ ಆ ಅಳತೆ ನ್ಯಾಯದ್ದಲ್ಲ.

"ಹಳೇ ಕಾಲದವರು ಹೊಲದಾಗ ದುಡಿದ ಮೈ, ಗಟ್ಟಿ" ಅಂತ ನಮ್ಮಲ್ಲಿ ಹೆಮ್ಮೆ ಪಡುವವರಿದ್ದಾರೆ. ಅದು ಅರ್ಧ ಸತ್ಯ. ಬೇಕೆಂದು ಮಾಡುವ ವ್ಯಾಯಾಮ ಬೇರೆ, ಬಿಸಿಲಲ್ಲಿ ಬಗ್ಗಿ ವಿಶ್ರಾಂತಿ ಇಲ್ಲದೆ ಮಾಡುವ ಕೂಲಿ ಬೇರೆ. ದುಡಿತಕ್ಕೆ ತಕ್ಕ ಊಟ ಇಲ್ಲದಿದ್ದರೆ ಮೈ ಗಟ್ಟಿಯಾಗುವುದಿಲ್ಲ, ಸವೆಯುತ್ತದೆ. ಬ್ಯಾಂಕಿನ ಮುಂದೆ ಪೆನ್ಶನ್‌ಗೆ ನಿಂತ ಸಾಲಿನಲ್ಲಿ ಬಾಗಿದ ಬೆನ್ನುಗಳನ್ನು, ದುಡಿದು ಗೆರೆಗಳೇ ಅಳಿಸಿಹೋಗಿ ಯಂತ್ರಕ್ಕೆ ಗುರುತು ಸಿಗದ ಹೆಬ್ಬೆಟ್ಟುಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ದೇಶದ ಲೆಕ್ಕ

ಭಾರತದಲ್ಲೂ ಅಳತೆ ಶುರುವಾಗಿದೆ. 45 ದಾಟಿದ 72 ಸಾವಿರಕ್ಕೂ ಹೆಚ್ಚು ಜನರನ್ನು 2017-18ರಲ್ಲಿ ಮನೆ ಮನೆಗೆ ಹೋಗಿ ಪರೀಕ್ಷಿಸಿದರು. ಇದನ್ನು ಲಾಸಿ ಸಮೀಕ್ಷೆ ಅನ್ನುತ್ತಾರೆ. ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಇದನ್ನು ನಡೆಸಿತು. ಮುಷ್ಟಿ, ನಡಿಗೆ, ಕಣ್ಣು, ನೆನಪು ಎಲ್ಲ ಅಳೆದರು. ಇದೇ ಸಮೀಕ್ಷೆಯ ಒಂದು ಭಾಗವಾಗಿ ಮರೆವಿನ ಕಾಯಿಲೆಯನ್ನು, ಅಂದರೆ ಡಿಮೆನ್ಷಿಯಾವನ್ನು ಆಳವಾಗಿ ಪರೀಕ್ಷಿಸಿದಾಗ, 60 ದಾಟಿದವರಲ್ಲಿ ಶೇ. 7.4ರಷ್ಟು ಮಂದಿಗೆ ಅದು ಇದೆ ಅನ್ನುವ ಅಂದಾಜು ಸಿಕ್ಕಿತು. ದೇಶದಲ್ಲಿ ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು.

ಈ ಅಂಕಿಯನ್ನು ತಿರುಗಿಸಿಯೂ ಓದಬಹುದು. 60 ದಾಟಿದ ನೂರು ಜನರಲ್ಲಿ 92ಕ್ಕೂ ಹೆಚ್ಚು ಮಂದಿಗೆ ಆ ಕಾಯಿಲೆ ಇಲ್ಲ. ಹಾಗಾದರೆ ಅರವತ್ತಕ್ಕೆ ಅರಳು ಮರಳು ಅನ್ನುವ ಮಾತು ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರ ಮೇಲೆ ಸುಮ್ಮನೆ ಹೊರಿಸಿದ ಆರೋಪ.

ನಮ್ಮ ರಾಜ್ಯದಲ್ಲೇ, ಕೋಲಾರ ಜಿಲ್ಲೆಯ ಮಾವಿನ ತಾಲೂಕು ಶ್ರೀನಿವಾಸಪುರದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ 2018ರಿಂದ ಒಂದು ಅಧ್ಯಯನ ನಡೆಸುತ್ತಿದೆ. ಹಳ್ಳಿಯ 45 ದಾಟಿದ ಹತ್ತು ಸಾವಿರ ಜನರನ್ನು ಸೇರಿಸಿಕೊಂಡು, ಅವರನ್ನೇ ಮತ್ತೆ ಮತ್ತೆ ಪರೀಕ್ಷಿಸುತ್ತ ಹೋಗುವುದು ಅದರ ಗುರಿ. ರಕ್ತ, ನೆನಪು, ಮೆದುಳಿನ ಸ್ಕ್ಯಾನ್ ಎಲ್ಲ ಇದರಲ್ಲಿದೆ. ಮುಪ್ಪು ಒಂದೇ ಸಲ ಅಳೆದು ತಿಳಿಯುವ ವಸ್ತು ಅಲ್ಲ. ಅದೇ ಮನುಷ್ಯನನ್ನು ಐದು, ಹತ್ತು ವರ್ಷ ಬಿಟ್ಟು ಅಳೆದಾಗಲೇ ಇಳಿಜಾರು ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದು. ಕಲ್ಯಾಣ ಕರ್ನಾಟಕದ ಬಿಸಿಲು, ಜೋಳ, ತೊಗರಿ, ಇಲ್ಲಿನ ಬಡತನ ಬೇರೆ. ಇಂಥ ಅಳತೆ ನಮ್ಮ ತಾಲೂಕುಗಳಿಗೂ ಬೇಕು.

ಕಮಲಾಪುರದ ಆಯಿ

ನಮ್ಮ ಆಯಿ ಕಮಲಾಪುರದಲ್ಲಿ ಒಬ್ಬಳೇ ಇದ್ದಾಳೆ. ವಯಸ್ಸು 78 ಇರಬಹುದು. ಆಧಾರ್ ಕಾರ್ಡಿನಲ್ಲಿ ಒಂದು ಇದೆ, ಅವಳ ಲೆಕ್ಕದಲ್ಲಿ ಇನ್ನೊಂದು. ಕಮಲಾಪುರ ಅಂದರೆ ಕೆಂಪು ಬಾಳೆ, ಜಿಐ ಗುರುತು ಸಿಕ್ಕ ಹಣ್ಣು. ಹುಮನಾಬಾದ್ ರಸ್ತೆಯ ಪಕ್ಕ ಬುಟ್ಟಿ ಇಟ್ಟುಕೊಂಡು ಅದನ್ನು ಮಾರಿಯೇ ಮಕ್ಕಳನ್ನು ಸಾಕಿದವಳು.

ಕಳೆದ ವರ್ಷದಿಂದ ಕಲಬುರಗಿಯಲ್ಲಿರುವ ಕಾಕಾ ಒಂದೇ ಮಾತು ಹಿಡಿದಿದ್ದರು. "ಆಯಿಗೆ ಅರಳು ಮರಳು ಆಗ್ಯಾದ. ಕೇಳಿದ್ದಕ್ಕ ಉತ್ತರ ಬ್ಯಾರೇನೇ ಕೊಡ್ತಾಳ. ಬಿದ್ದು ಏನಾರ ಆದ್ರ ಯಾರ್ ನೋಡ್ತಾರ? ಇಲ್ಲಿಗಿ ಕರಕೊಂಡ್ ಬರ್ರಿ." ಕಾಕಾ ಇರುವುದು ಮೂರನೇ ಮಹಡಿಯ ಮನೆಯಲ್ಲಿ. ಲಿಫ್ಟ್ ಇಲ್ಲ. ಅಲ್ಲಿ ಆಯಿಗೆ ಪರಿಚಯದವರು ಯಾರೂ ಇಲ್ಲ. ಆಯಿ ಒಲ್ಲೆ ಅಂದಳು. ಮನೆಯಲ್ಲಿ ಮಾತು ಬಿಡುವ ಮಟ್ಟಕ್ಕೆ ಹೋಯಿತು.

ಆಗ ನಾವು ವಿಶ್ವ ಆರೋಗ್ಯ ಸಂಸ್ಥೆಯ ಸರಳ ಪರೀಕ್ಷೆಯನ್ನು ಫೋನಿನಲ್ಲಿ ಇಟ್ಟುಕೊಂಡು ಕಮಲಾಪುರಕ್ಕೆ ಹೋದೆವು. ಆಯಿ ನಕ್ಕಳು. "ಏನ್ ತಮ್ಮಾ, ಈ ವಯಸ್ಸಿನಾಗ ನನ್ನ ಪರೀಕ್ಷಾ ಮಾಡ್ಲಾಕ ಬಂದಿ ಏನು?"

ಕುರ್ಚಿಯಿಂದ ಕೈ ಊರದೆ ಐದು ಸಲ ಎದ್ದು ಕೂತಳು. 17 ಸೆಕೆಂಡ್ ಆಯಿತು. 14 ಸೆಕೆಂಡಿನಲ್ಲಿ ಆಗಬೇಕು ಅನ್ನುವುದು ಅಳತೆ. ಮೂರು ಪದ ಹೇಳಿ ಸ್ವಲ್ಪ ಹೊತ್ತಿನ ಮೇಲೆ ಕೇಳಿದೆವು, ಎರಡು ಹೇಳಿದಳು. ಇವತ್ತು ಎಷ್ಟನೇ ತಾರೀಖು ಅಂದರೆ, "ಅಮಾಸಿ ಆಗಿ ಐದ್ ದಿನ ಆಯ್ತು. ತಾರೀಖ್ ನಿಮ್ಮ ಪೇಪರಿನಾಗ ಇರ್ತದಲಾ" ಅಂದಳು. ಆ ದಿನ ಅಮಾವಾಸ್ಯೆ ಕಳೆದು ಸರಿಯಾಗಿ ಐದು ದಿನವಾಗಿತ್ತು.

ಈ ಉತ್ತರಕ್ಕೆ ಎಷ್ಟು ಅಂಕ ಕೊಡಬೇಕು? ಶಾಲೆಗೆ ಹೋದವರಿಗಾಗಿ ಮಾಡಿದ ಪರೀಕ್ಷೆ ಸೊನ್ನೆ ಕೊಡುತ್ತದೆ. ನಮ್ಮ ದೇಶದ ಸಂಶೋಧಕರಿಗೆ ಈ ತೊಂದರೆ ಮೊದಲೇ ಗೊತ್ತಾಗಿತ್ತು. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಓದು ಬರಹ ಬಾರದ ಹಿರಿಯರಿಗಾಗಿಯೇ ನೆನಪಿನ ಪರೀಕ್ಷೆಯನ್ನು ಹೊಸದಾಗಿ ರೂಪಿಸಿ 1995ರಲ್ಲಿ ಪ್ರಕಟಿಸಿದರು. ತಾರೀಖು, ಬರೆಯುವುದು ಇಂಥದ್ದನ್ನು ಅವರ ದಿನದ ಬದುಕಿಗೆ ಹೊಂದುವಂತೆ ಬದಲಿಸಿದರು. ಅಕ್ಷರ ಬಾರದ ಮಾತ್ರಕ್ಕೆ ಬುದ್ಧಿ ಕಡಿಮೆಯಾಗಿದೆ ಅನ್ನಬಾರದು ಅನ್ನುವುದು ಅದರ ಹಿಂದಿನ ವಿಚಾರ.

ಕೊನೆಗೆ ಕಿವಿ. ಹಿಂದೆ ನಿಂತು ಪಿಸುಮಾತಿನಲ್ಲಿ ನಾಲ್ಕು ಪದ ಹೇಳಿದೆವು. ಎಡಗಿವಿಗೆ ಎರಡು ಕೇಳಿದವು. ಬಲಗಿವಿಗೆ ಒಂದೂ ಕೇಳಲಿಲ್ಲ.

ಕಲಬುರಗಿಯ ಕಿವಿ ಡಾಕ್ಟರ್ ಹತ್ತಿರ ತೋರಿಸಿದಾಗ ಮೇಣ ತೆಗೆದರು, ಕಿವಿಯ ನರದ ಶಕ್ತಿಯೂ ಇಳಿದಿದೆ ಅಂದರು, ಮಷೀನು ಬರೆದುಕೊಟ್ಟರು. ಮೊದಲ ವಾರ "ತಲಿಯಾಗ ಗದ್ಲಾ" ಅಂತ ತೆಗೆದಿಟ್ಟಳು. ಪಕ್ಕದ ಮನೆಯ ಹುಡುಗಿ ದಿನಾ ಒಂದು ತಾಸು ಹಾಕಿಸಿ ರೂಢಿ ಮಾಡಿಸಿದಳು. ಈಗ ಕೇಳಿದ್ದಕ್ಕೆ ಸರಿಯಾದ ಉತ್ತರವೇ ಬರುತ್ತದೆ. ಅರ್ಧ ಮರೆವು ಮರೆವಾಗಿರಲಿಲ್ಲ, ಪ್ರಶ್ನೆಯೇ ಕೇಳಿಸಿರಲಿಲ್ಲ.

ಇನ್ನರ್ಧ ಮರೆವು ಇದೆ. ಗ್ಯಾಸ್ ಹಚ್ಚಿ ಮರೆತದ್ದು ಎರಡು ಸಲ ಆಗಿದೆ. ಕಾಲು ಸೋಲುತ್ತಿರುವುದೂ ನಿಜ. ಕಾಕಾನ ಹೆದರಿಕೆಯೂ ಸುಳ್ಳಲ್ಲ. ಆದರೆ ಆಯಿ ಸದ್ಯಕ್ಕೆ ಕಮಲಾಪುರದಲ್ಲೇ ಇರಲಿ ಅಂತ ಮನೆಯವರೆಲ್ಲ ಒಪ್ಪಿದ್ದೇವೆ. ಆರು ತಿಂಗಳಿಗೊಮ್ಮೆ ಇದೇ ಅಳತೆ ಮಾಡಿ, ಏನು ಇಳಿದಿದೆ ಅಂತ ನೋಡಿ ಮತ್ತೆ ಕೂತು ಮಾತಾಡುವುದು. ಜಗಳ ಮೊದಲು "ಅರಳು ಮರಳು ಹೌದಾ ಅಲ್ಲಾ" ಅಂತ ಇತ್ತು. ಈಗ "ಕಾಲಿಗೆ ಬಲ ಬರಿಸೋದು ಹ್ಯಾಂಗ" ಅಂತ ಆಗಿದೆ.

ಇಳಿದದ್ದು ಏರುತ್ತದಾ?

ಏರುತ್ತದೆ. ಅಮೆರಿಕದ ಬಾಸ್ಟನ್‌ನಲ್ಲಿ ವೃದ್ಧಾಶ್ರಮದ 90ರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ಕಾಲಿಗೆ ಭಾರ ಕೊಟ್ಟು ವ್ಯಾಯಾಮ ಮಾಡಿಸಿದ್ದರು. ಕೊನೆತನಕ ಮಾಡಿದವರ ಕಾಲಿನ ಬಲ ಸರಾಸರಿ ಶೇ. 174 ಹೆಚ್ಚಿತು. ಇದು 1990ರಲ್ಲೇ ಪ್ರಕಟವಾದ ಸಂಗತಿ. ಸ್ನಾಯುವಿಗೆ ವಯಸ್ಸಿನ ಮಿತಿ ನಾವು ತಿಳಿದಷ್ಟು ಬಿಗಿಯಾಗಿಲ್ಲ.

ಕಿವಿ ಮಷೀನಿನ ವಿಷಯದಲ್ಲಿ 2023ರಲ್ಲಿ ಅಮೆರಿಕದ ಒಂದು ದೊಡ್ಡ ಪ್ರಯೋಗದ ಫಲ ಬಂತು. ಎಲ್ಲರನ್ನೂ ಒಟ್ಟಿಗೆ ನೋಡಿದರೆ ಮಷೀನಿನಿಂದ ನೆನಪಿನ ಇಳಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಮರೆವಿನ ಅಪಾಯ ಮೊದಲೇ ಹೆಚ್ಚಿದ್ದವರಲ್ಲಿ ಮೂರು ವರ್ಷದಲ್ಲಿ ಇಳಿಕೆಯ ವೇಗ ಶೇ. 48 ಕಡಿಮೆಯಾಯಿತು. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಸಮಿತಿ 14 ಕಾರಣಗಳ ಪಟ್ಟಿ ಕೊಟ್ಟು, ಅವನ್ನೆಲ್ಲ ಸರಿಪಡಿಸಿದರೆ ಡಿಮೆನ್ಷಿಯಾದ ಸುಮಾರು ಶೇ. 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಅಂದಿತು. ಶಾಲೆ ಕಲಿಯದಿರುವುದು, ಕಿವುಡು, ಕಣ್ಣು ಮಂಜಾಗುವುದು, ಬಿಪಿ, ಶುಗರ್, ಬೀಡಿ ಸಿಗರೇಟು, ಹೆಚ್ಚು ಕುಡಿತ, ತಲೆಗೆ ಪೆಟ್ಟು, ಹೊಗೆ ಮತ್ತು ಕೆಟ್ಟ ಗಾಳಿ, ಒಂಟಿತನ ಎಲ್ಲ ಆ ಪಟ್ಟಿಯಲ್ಲಿವೆ. ಇವುಗಳಲ್ಲಿ ನಮ್ಮ ಊರಲ್ಲಿ ಇಲ್ಲದ್ದು ಯಾವುದು ಹೇಳಿ?

ನಮ್ಮಲ್ಲಿ ಇರುವ ಒಂದು ಆಸ್ತಿಯನ್ನೂ ಹೇಳಬೇಕು. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ನೋಡಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದು. ಒಂದೇ ಭಾಷೆ ಆಡುವವರಿಗಿಂತ ಎರಡು ಮೂರು ಭಾಷೆ ಆಡುವವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆ ಕಾಣದವರಲ್ಲೂ ಈ ವ್ಯತ್ಯಾಸ ಇತ್ತು. ಬೇರೆ ಕಡೆಯ ಎಲ್ಲ ಅಧ್ಯಯನಗಳೂ ಇದನ್ನು ಒಪ್ಪಿಲ್ಲ, ವಾದ ನಡೆದೇ ಇದೆ. ಆದರೂ ಕನ್ನಡ, ದಖನಿ ಉರ್ದು, ತೆಲುಗು, ಮರಾಠಿ ಕಲಸಿ ಸಂತೆ ಮಾಡುವ ನಮ್ಮ ಜನಕ್ಕೆ ಇದು ತಿಳಿದಿರಬೇಕಾದ ಸುದ್ದಿ. ಗಿರಾಕಿ ಯಾವ ಭಾಷೆಯಲ್ಲಿ ಕೇಳಿದರೂ ಅದೇ ಭಾಷೆಯಲ್ಲಿ ಡಜನ್ ಲೆಕ್ಕ ಹೇಳುವುದು ಸಣ್ಣ ಕಸರತ್ತಲ್ಲ.

ಮತ್ತೊಂದು, ಮಾತಿನ ಪೆಟ್ಟು. ಅಮೆರಿಕದ ಓಹಿಯೋದಲ್ಲಿ 50 ದಾಟಿದ 660 ಜನರನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನೋಡಿದಾಗ, ತಮ್ಮ ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇದ್ದವರು ಏಳೂವರೆ ವರ್ಷ ಹೆಚ್ಚು ಬದುಕಿದ್ದು 2002ರಲ್ಲಿ ವರದಿಯಾಯಿತು. ಭಾವನೆಯೊಂದೇ ಕಾರಣ ಅಂತ ಹೇಳಲಾಗದು. ಆದರೆ ದಿನಾ "ನಿನಗೇನ್ ತಿಳೀತದ, ಸುಮ್ಮ್ ಕೂಡು" ಅಂತ ಕೇಳಿಸಿಕೊಳ್ಳುವ ಮನುಷ್ಯ ಕೊನೆಗೆ ಸುಮ್ಮನೆ ಕೂಡುತ್ತಾನೆ. ಕೂತರೆ ಕಾಲು ಸೋಲುತ್ತದೆ.

ಮನೆಯಲ್ಲೇ ಮಾಡಿ ನೋಡಿ

ನಿಮ್ಮ ಮನೆಯ ಹಿರಿಯರಿಗೆ ಇದನ್ನು ಆಟದ ಹಾಗೆ ಮಾಡಿಸಿ.

1. ಹೂವು, ಬಾಗಿಲು, ಜೋಳ ಅಂತ ಮೂರು ಪದ ಹೇಳಿ. ಸ್ವಲ್ಪ ಹೊತ್ತು ಬಿಟ್ಟು ಕೇಳಿ. ಈಗ ಎಲ್ಲಿದ್ದೇವೆ, ಯಾವ ವಾರ, ಯಾವ ಹಬ್ಬ ಹತ್ತಿರ ಅಂತ ಕೇಳಿ.

2. ಗಟ್ಟಿ ಕುರ್ಚಿಯಿಂದ ಕೈ ಊರದೆ ಐದು ಸಲ ಏಳಿಸಿ ಕೂಡಿಸಿ. 14 ಸೆಕೆಂಡ್ ಮೀರಿದರೆ ಗಮನ ಬೇಕು. ಪಕ್ಕದಲ್ಲಿ ನಿಂತೇ ಮಾಡಿಸಿ. ಬೀಳುವಂತಿದ್ದರೆ ಮಾಡಿಸಬೇಡಿ.

3. ಮೂರು ತಿಂಗಳಲ್ಲಿ, ಬೇಕಂತ ಅಲ್ಲದೆ, 3 ಕಿಲೋಗಿಂತ ಹೆಚ್ಚು ಇಳಿದಿದ್ದಾರಾ? ಊಟ ಸೇರುತ್ತಿಲ್ಲವಾ? ಕುಪ್ಪಸ, ಅಂಗಿ ಸಡಿಲಾಗಿದ್ದರೂ ಅದು ಸುಳಿವು.

4. ಹಿಂದೆ ನಿಂತು ಪಿಸುಗುಟ್ಟಿ. ಒಂದೊಂದು ಕಣ್ಣು ಮುಚ್ಚಿಸಿ ದೂರದ್ದು, ಹತ್ತಿರದ್ದು ಕಾಣುತ್ತದಾ ಕೇಳಿ.

5. ಎರಡು ವಾರದಿಂದ ಮನಸ್ಸು ಭಾರ ಇದೆಯಾ? ಯಾವುದರಲ್ಲೂ ಆಸಕ್ತಿ ಇಲ್ಲವಾ?

ಒಂದರಲ್ಲಿ ಸೋತರೂ ರೋಗ ಅಂತ ಅರ್ಥ ಅಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ತೋರಿಸಬೇಕು ಅಂತ ಅರ್ಥ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಹಿರಿಯರ ಯಾವುದೇ ತೊಂದರೆಗೆ 14567 ಸಹಾಯವಾಣಿ ಇದೆ. ಬಿಪಿಎಲ್ ಕುಟುಂಬದ ಹಿರಿಯರಿಗೆ ಕಿವಿ ಮಷೀನು, ಕನ್ನಡಕ, ಊರುಗೋಲು ಕೊಡುವ ಕೇಂದ್ರದ ವಯೋಶ್ರೀ ಯೋಜನೆ 2017ರಿಂದ ಇದೆ. ಶಿಬಿರ ಯಾವಾಗ ಅಂತ ಪಂಚಾಯಿತಿಯಲ್ಲಿ ಕೇಳುತ್ತಿರಿ.

ಯಾರ ಮುಪ್ಪಿಗೆ ಈಗ ಬಿತ್ತನೆ?

ಈ ಸಂಶೋಧನೆಗಳನ್ನೆಲ್ಲ ಓದಿ ನಮಗೆ ಉಳಿದ ಮಾತು ಮುದುಕರದ್ದಲ್ಲ, ಮಕ್ಕಳದ್ದು. 2002ರಲ್ಲಿ ಶಾಲೆಯ ಬಿಸಿಯೂಟ, ಅಕ್ಷರ ದಾಸೋಹ, ರಾಜ್ಯದಲ್ಲಿ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಆಗ ಎಂಟು ವರ್ಷವಿದ್ದ ಹುಡುಗಿಗೆ 2064ರಲ್ಲಿ ಎಪ್ಪತ್ತು ಆಗುತ್ತದೆ. ಫಿನ್ಲೆಂಡಿನ ಲೆಕ್ಕ ಇಲ್ಲೂ ನಿಜವಾದರೆ, ಆ ಎಪ್ಪತ್ತರವಳು ಇಂದಿನ ಎಪ್ಪತ್ತರವರಿಗಿಂತ ಗಟ್ಟಿಯಾಗಿ ನಡೆಯಬೇಕು. ಅವಳನ್ನು ಹತ್ತನೇ ತರಗತಿಗೆ ಮೊದಲೇ ಶಾಲೆ ಬಿಡಿಸಿ ಮದುವೆ ಮಾಡಿದ್ದರೆ ಆ ಲೆಕ್ಕ ಅಲ್ಲೇ ಕೆಟ್ಟಿರುತ್ತದೆ.

ವಿಶ್ವಸಂಸ್ಥೆ 2021ರಿಂದ 2030ರವರೆಗಿನ ಹತ್ತು ವರ್ಷವನ್ನು ಆರೋಗ್ಯವಂತ ಮುಪ್ಪಿನ ದಶಕ ಅಂತ ಕರೆದಿದೆ. ನಮ್ಮ ತಾಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಕಿವಿ ಪರೀಕ್ಷೆ, ಕಾಲಿನ ವ್ಯಾಯಾಮ ಹೇಳಿಕೊಡುವ ಒಬ್ಬ ಫಿಸಿಯೋಥೆರಪಿಸ್ಟ್, ಬಸ್ ಸ್ಟಾಪಿನಲ್ಲಿ ಕೂಡಲು ಒಂದು ಕಟ್ಟೆ, ಇಷ್ಟು ಕೇಳುವುದು ದೊಡ್ಡ ಬೇಡಿಕೆಯಲ್ಲ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಜೊತೆ ಇದನ್ನೂ ಬರೆಸಿ. ಬರೆಸುವ ಮೊದಲು ನಿಮ್ಮ ಮನೆಯ ಹಿರಿಯರನ್ನು ಕುರ್ಚಿಯಿಂದ ಐದು ಸಲ ಎಬ್ಬಿಸಿ ನೋಡಿ. ಕೈಯಲ್ಲಿ ಒಂದು ಅಂಕಿ ಇದ್ದರೆ ಕೇಳುವ ದನಿಗೂ ಬಲ ಬರುತ್ತದೆ.